ಅಂಚು ಒರೆಸುವ ಕೈ

ನನ್ನ ಮಾವನಿಗೆ ಕಣ್ಣು ಬಿಟ್ಟುಕೊಂಡೇ ಕನಸು ಕಾಣುವ ಅಭ್ಯಾಸವಿತ್ತು. ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ನನಗದು ಗೊತ್ತಿರಲಿಲ್ಲ. ಒಂದು ಸಂಜೆ ಚಹಾ ಕೊಡಲು ಹೋದರೆ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಎದುರುಮನೆಯ ಬೋಳುಗೋಡೆ ನೋಡುತ್ತ, "ಈಗಷ್ಟೇ ಒಂದು ಹಂಡೆ ಹೋಯ್ತು ನೋಡಮ್ಮ, ಗಾಳಿಯಲ್ಲಿ, ಬೋರಲಾಗಿ. ಒಳಗೆಲ್ಲ ಬೆಳದಿಂಗಳು" ಎಂದುಬಿಟ್ಟರು. ನಾನು ಗಾಬರಿಯಿಂದ ಗಂಡನ ಮುಖ ನೋಡಿದೆ. "ಅಪ್ಪ ಹಾಗೇ. ಚಹಾ ಇಟ್ಟು ಬಾ, ತಣ್ಣಗಾಗುತ್ತೆ" ಎಂದ. ಅತ್ತೆ ಆಗಲೇ ತೀರಿಕೊಂಡಿದ್ದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ; ನನ್ನ ಪಾಲಿಗೆ ಬಂದದ್ದು ಹಾರುವ ಹಂಡೆ ನೋಡುವ ಮಾವನ ಕಾಲ.

ಮಾವ ಕಲಾಯಿ ಹಾಕುವವರು. ಹಾಕುತ್ತಿದ್ದವರು ಅನ್ನಬೇಕು. ತಾಮ್ರದ ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಬುಸ್ಸೆಂದು ಬಿಳಿ ಹೊಗೆ ಏಳುವಾಗ ತವರದ ಕಡ್ಡಿ ಮುಟ್ಟಿಸಿ, ಕರಗಿದ ತವರವನ್ನು ಹತ್ತಿಯ ಉಂಡೆಯಿಂದ ಒಳಮೈಗೆಲ್ಲ ಸವರುವ ಕೆಲಸ. ತಡ ಮಾಡಿದರೆ ಕಪ್ಪಾಗುತ್ತದೆ, ಅವಸರ ಮಾಡಿದರೆ ಗಂಟು ಕಟ್ಟುತ್ತದೆ. ಎಲ್ಲ ಮುಗಿದ ಮೇಲೆ, ಇಕ್ಕಳದಲ್ಲಿ ಹಿಡಿದ ಪಾತ್ರೆಯನ್ನು ತಿರುಗಿಸುತ್ತ, ಬಲಗೈಯ ಹತ್ತಿಯಿಂದ ಬಾಯಿಯ ಅಂಚನ್ನು ಒಂದೇ ಸುತ್ತು ಒರೆಸಿಬಿಡುವರು. ಒಳಗೆಲ್ಲ ಬೆಳ್ಳಿಯ ಬಣ್ಣ, ಅಂಚಿನಲ್ಲಿ ಮಾತ್ರ ದಾರದಷ್ಟು ಅಗಲದ ಕೆಂಪು ತಾಮ್ರ. ತುಟಿ ತಾಗುವ ಜಾಗದಲ್ಲಿ ತವರದ ಚೂರು ನಿಲ್ಲಬಾರದು ಅನ್ನುವುದು ಅದಕ್ಕೆ ಕಾರಣ. ಆದರೆ ಆ ಕೆಂಪು ಗೆರೆ ನೋಡಿಯೇ ಜನ ಇದು ಯಾರ ಕೈಯ ಕಲಾಯಿ ಎಂದು ಹೇಳಿಬಿಡುತ್ತಿದ್ದರಂತೆ. ಐವತ್ತು ವರ್ಷ ಅದೇ ಕೆಲಸ, ಅದೇ ಗೆರೆ.

ಆಮೇಲೆ ಎಲ್ಲರ ಮನೆಗೂ ಸ್ಟೀಲು ಬಂತು. ಸ್ಟೀಲಿಗೆ ಕಲಾಯಿ ಬೇಡ. ಒಲೆಗೆ ಗಾಳಿ ಊದುವ ತಿದಿಯ ತೊಗಲು ಹರಿಯಿತು, ಹೊಲಿಸಲಿಲ್ಲ. ಮಾವ ಬಂದು ಕಿಟಕಿಯ ಹತ್ತಿರ ಕೂತರು. ನಾನು ಈ ಮನೆಗೆ ಬಂದದ್ದೂ ಅದೇ ವರ್ಷ. ಒಂಬತ್ತು ವರ್ಷ ನಾನು ಓಡಾಡಿದೆ, ಅವರು ಕೂತರು. ಮನೆಯೆಲ್ಲ ಗಡಿಬಿಡಿಯಲ್ಲಿದ್ದಾಗ ಒಬ್ಬರು ಅಷ್ಟು ನಿರಾಳವಾಗಿ ಗೋಡೆ ನೋಡುತ್ತಿದ್ದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ನನಗೆ ಬರುತ್ತಿತ್ತು. ಆದರೆ ಅವರ ಕೈಗಳು ತೊಡೆಯ ಮೇಲೆ ಅಂಗಾತ ಬಿದ್ದಿರುತ್ತಿದ್ದವು. ಅವುಗಳನ್ನು ನೋಡಿದಾಗ ಸಿಟ್ಟೆಲ್ಲ ಇಳಿದು ಎದೆಯಲ್ಲಿ ಭಯ ಕೂರುತ್ತಿತ್ತು. ಕೆಲಸವಿಲ್ಲದ ಕೈಯಿಂದಲೇ ಮನುಷ್ಯ ಸಾಯಲು ಶುರುಮಾಡುತ್ತಾನೆ ಅಂತ ನನಗೆ ಅನ್ನಿಸಿಬಿಟ್ಟಿತ್ತು.

ನಾನು ಕೆಲಸಕ್ಕೆ ಹೋಗುವುದು ಎರಡು ಬೀದಿ ಆಚೆ, ಸೋಫಾ ಹೊಲಿಯುವ ಅಂಗಡಿಯ ಮೇಲಿನ ಮಹಡಿಗೆ. ಅಲ್ಲಿ ಸಣ್ಣ ಡ್ರೋನ್ ತಯಾರಿಸುತ್ತಾರೆ. ಊಟದ ಡಬ್ಬಿಯಷ್ಟು ಮೈ, ನಾಲ್ಕು ರೆಕ್ಕೆ, ಹೊಟ್ಟೆಯ ಕೆಳಗೊಂದು ಚೀಲ. ನಾವು ಅದನ್ನು ದುಂಬಿ ಅನ್ನುತ್ತೇವೆ. ನದಿಯ ಈ ದಂಡೆಯ ಚಿಕ್ಕ ದವಾಖಾನೆಯಿಂದ ರಕ್ತದ ಸೀಸೆಗಳನ್ನು ಆ ದಂಡೆಯ ದೊಡ್ಡ ಆಸ್ಪತ್ರೆಗೆ ಒಯ್ಯುವುದು ಅದರ ಕೆಲಸವಾಗಬೇಕಿತ್ತು. ಸೇತುವೆ ಬಳಸಿ ಹೋದರೆ ಒಂದೂವರೆ ಗಂಟೆ, ಹಾರಿದರೆ ಆರು ನಿಮಿಷ. ಆದರೆ ನದಿಗೆ ಅಡ್ಡಲಾಗಿ ದೊಡ್ಡ ವಿದ್ಯುತ್ ತಂತಿಗಳಿವೆ, ಆಚೆಯ ಗುಡ್ಡದ ಮೇಲೆ ಮೊಬೈಲ್ ಟವರುಗಳಿವೆ.

"ಅವುಗಳ ಗದ್ದಲ ನಮಗೆ ಕೇಳಲ್ಲ ಅಕ್ಕ, ದುಂಬಿಗೆ ಕೇಳುತ್ತೆ" ಎಂದು ನಮ್ಮ ಇಂಜಿನಿಯರ್ ಹುಡುಗಿ ನನಗೆ ವಿವರಿಸಿದ್ದಳು. ಕಾರ್ಖಾನೆ ಅವಳದೇ. "ಸಂತೆಯ ಮಧ್ಯೆ ನಿಂತು ಯಾರೋ ಪಿಸುಮಾತಲ್ಲಿ ದಾರಿ ಹೇಳಿದ ಹಾಗೆ ಆಗುತ್ತೆ ಅದಕ್ಕೆ. ಅರ್ಧಂಬರ್ಧ ಕೇಳಿ ದಾರಿ ತಪ್ಪುತ್ತೆ."

ಅದಕ್ಕೆ ಉಪಾಯ ಒಂದೇ. ದುಂಬಿಯ ಪ್ಲಾಸ್ಟಿಕ್ ಚಿಪ್ಪಿನ ಒಳಮೈಗೆ ಲೋಹದ ಪುಡಿ ಬೆರೆತ ಬಣ್ಣ ಹಚ್ಚುವುದು. ಮೇಲಿನ ಚಿಪ್ಪು, ಕೆಳಗಿನ ಚಿಪ್ಪು ಎರಡನ್ನೂ ಕೂಡಿಸಿದರೆ ದುಂಬಿಯ ಪುಟ್ಟ ಮಿದುಳಿನ ಸುತ್ತ ಲೋಹದ ಒಂದು ಕೋಣೆ ಆಗುತ್ತದೆ. ಹೊರಗಿನ ಗದ್ದಲ ಆ ಗೋಡೆಗೆ ತಾಗಿ, ಗೋಡೆಯಲ್ಲೇ ಹರಿದು ಹೋಗುತ್ತದೆ. ದಾರಿ ಹೇಳುವ ಸಂಕೇತ ಬರಲಿ ಅಂತ ಆಂಟೆನಾ ಇರುವ ಕಡೆ ನಾಣ್ಯದಷ್ಟು ಜಾಗ ಮಾತ್ರ ಬಣ್ಣವಿಲ್ಲದೆ ಬಿಡುತ್ತಾರೆ. ಒಣಗಿದ ಚಿಪ್ಪಿಗೆ, ವಿದ್ಯುತ್ತಿಗೆ ಎಷ್ಟು ತಡೆಯಿದೆ ಎಂದು ತೋರಿಸುವ ಮೀಟರಿನ ಎರಡು ಸೂಜಿ ಮುಟ್ಟಿಸಿ, ಅಂಕಿ ಒಂದಕ್ಕಿಂತ ಕೆಳಗಿದ್ದರೆ ಪಾಸು, ಮೇಲಿದ್ದರೆ ಫೇಲು ಅಂತ ಬರೆಯುವುದು ನನ್ನ ಕೆಲಸ.

ಆಗ ಬಣ್ಣವನ್ನು ಗನ್ನಿನಿಂದ ಊದುತ್ತಿದ್ದರು. ಚಿಪ್ಪಿನ ಒಳಗೆ ಬಲಕ್ಕೆಂದು ಸಣ್ಣ ಸಣ್ಣ ಪಟ್ಟಿಗಳಿರುತ್ತವೆ. ಪಟ್ಟಿಯ ಮುಂದೆ ಬಣ್ಣ ಗಂಟು ಕಟ್ಟುತ್ತಿತ್ತು, ಪಟ್ಟಿಯ ಹಿಂದೆ ತಲುಪುತ್ತಲೇ ಇರಲಿಲ್ಲ. ಹತ್ತರಲ್ಲಿ ಆರು ಫೇಲು. ಹಾಗೆ ಫೇಲಾದ ಒಂದು ಚಿಪ್ಪು ಒಂದು ದಿನ ನನ್ನ ಚೀಲದಲ್ಲೇ ಉಳಿದು ಮನೆಗೆ ಬಂತು. ಚಹಾದ ಲೋಟದ ಪಕ್ಕ ಇಟ್ಟಿದ್ದೆ. ಮಾವ ಅದನ್ನು ಎತ್ತಿಕೊಂಡು, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಹೆಬ್ಬೆರಳಿನಿಂದ ಒಳಗೆ ಸವರಿದರು.

"ಯಾವ ಕತ್ತೆ ಹಾಕಿದ್ದು ಈ ಕಲಾಯಿ?"

"ಅದು ಕಲಾಯಿ ಅಲ್ಲ ಮಾವ, ಬಣ್ಣ."

"ತಾಮ್ರ ಇದೆ ಇದರಲ್ಲಿ. ಬೆಳ್ಳಿನೂ ಇದೆ. ಒಳಗಡೆ ಹಾಕಿದ್ದಾರೆ. ಕಲಾಯಿ ಅಲ್ಲದೆ ಮತ್ತೇನಮ್ಮ ಇದು?"

ಒಂಬತ್ತು ವರ್ಷದಲ್ಲಿ, ಚಹಾ ಊಟದ ಮಾತು ಬಿಟ್ಟರೆ, ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಮರುದಿನ ಅವರನ್ನು ಮಹಡಿ ಹತ್ತಿಸಿಕೊಂಡು ಹೋದೆ. ಇಂಜಿನಿಯರ್ ಹುಡುಗಿ ನನ್ನ ಮುಖ ನೋಡಿದಳು, ಮಾವನ ಮುಖ ನೋಡಿದಳು, ಹಿರಿಯರಿಗೆ ಇಲ್ಲ ಅನ್ನಲಾರದೆ ಒಂದು ಚಿಪ್ಪು ಕೊಟ್ಟಳು. ಮಾವ ಗನ್ನು ಮುಟ್ಟಲಿಲ್ಲ. ಕುಂಚ ಕೇಳಿ ತೆಗೆದುಕೊಂಡು, ಅದರ ಕೂದಲನ್ನು ಓರೆಯಾಗಿ ಕತ್ತರಿಸಿಕೊಂಡರು. ಬಣ್ಣದ ತಳದಲ್ಲಿ ಕೂತಿದ್ದ ಲೋಹದ ಪುಡಿಯನ್ನು ಕಾಲು ಗಂಟೆ ಕದಡುತ್ತಲೇ ಇದ್ದರು. ಆಮೇಲೆ ಸವರಿದರು. ನಾನು ಸೂಜಿ ಮುಟ್ಟಿಸಿದೆ. ಸೊನ್ನೆ ಬಿಂದು ಮೂರು. ಹುಡುಗಿ ಮೀಟರು ಕೆಟ್ಟಿದೆಯೇನೋ ಎಂದು ಇನ್ನೊಂದು ಮೀಟರು ತಂದಳು. ಅದೂ ಹಾಗೇ ಅಂದಿತು.

ಹೀಗೆ ಎಪ್ಪತ್ತೊಂದನೇ ವಯಸ್ಸಿನಲ್ಲಿ ನನ್ನ ಮಾವ ಡ್ರೋನ್ ಕಾರ್ಖಾನೆಯ ಕೆಲಸಗಾರರಾದರು. ಎಲ್ಲರೂ ಕಲಾಯಿ ಅಜ್ಜ ಅನ್ನುತ್ತಿದ್ದರು. ಬೆಳಗ್ಗೆ ನನಗಿಂತ ಮೊದಲೇ ಎದ್ದು, ಗಡ್ಡ ಹೆರೆದುಕೊಂಡು, ಬಾಗಿಲಲ್ಲಿ ನಿಂತು "ಹೊತ್ತಾಯ್ತು ಹೊತ್ತಾಯ್ತು" ಎಂದು ನನ್ನ ಪ್ರಾಣ ತಿನ್ನುತ್ತಿದ್ದರು. ಕೂತಿದ್ದಾಗಲೇ ಚೆನ್ನಾಗಿತ್ತು ಮಹಾರಾಯ ಅಂತ ಗಂಡನ ಹತ್ತಿರ ಗೊಣಗಿದ್ದೇನೆ. ಸುಳ್ಳು ಗೊಣಗಾಟ ಅದು. ಮಧ್ಯಾಹ್ನದ ಹೊತ್ತು ಆ ಕೋಣೆಗೆ ಹೋಗಬೇಕಿತ್ತು ನೀವು. ಗೋಡೆಯ ದೊಡ್ಡ ಫ್ಯಾನು ಗೊರಗೊರ ಎಂದು ಬಣ್ಣದ ವಾಸನೆಯನ್ನು ಹೊರಗೆ ಎಳೆಯುತ್ತಿತ್ತು. ಕೆಳಗಿನ ಅಂಗಡಿಯ ಹೊಲಿಗೆ ಯಂತ್ರ ನಿದ್ದೆಗಣ್ಣಿನಲ್ಲಿ ಮಾತಾಡಿದ ಹಾಗೆ ಆಗಾಗ ಕೇಳುತ್ತಿತ್ತು. ಹಲಗೆಯ ಮೇಲೆ ಚಿಪ್ಪುಗಳು ಸಾಲಾಗಿ ಒಣಗುತ್ತಿದ್ದವು, ಪ್ರತಿಯೊಂದರೊಳಗೂ ಕಿಟಕಿಯ ಬೆಳಕು ಒಂದೊಂದು ಹನಿ ನಿಂತಿರುತ್ತಿತ್ತು. ಮಾವ ಮೂಗಿಗೆ ಮಾಸ್ಕು ಕಟ್ಟಿಕೊಂಡು, ಎಲ್ಲೋ ನೋಡುತ್ತ ಸವರುತ್ತಿದ್ದರು. ಕನಸು ಕಾಣುವುದನ್ನು ಅವರು ಬಿಟ್ಟಿರಲಿಲ್ಲ; ಕೈಗೆ ಕೆಲಸ ಕೊಟ್ಟು ಕನಸು ಕಾಣುತ್ತಿದ್ದರು. "ಇದರೊಳಗೆ ಎಷ್ಟು ನಿಶ್ಶಬ್ದ ಇರುತ್ತೆ ಅಂತೀಯ. ನಾನು ಸಣ್ಣವನಾಗಿದ್ದಿದ್ರೆ ಒಳಗೇ ಹೋಗಿ ಮಲಗಿಬಿಡ್ತಿದ್ದೆ" ಎನ್ನುವರು. ಅಲ್ಲಿ ನಿಂತಿದ್ದರೆ ನನಗೂ ಹಾಗೇ ಅನ್ನಿಸುತ್ತಿತ್ತು.

ಎಲ್ಲೆಲ್ಲಿ ಬಣ್ಣ ಇರಬೇಕು ಅಂತ ತೋರಿಸುವ ನಕ್ಷೆಯೊಂದನ್ನು ಹುಡುಗಿ ನನ್ನ ಕೈಗೆ ಕೊಟ್ಟಿದ್ದಳು. ಮಾವನಿಗೆ ತೋರಿಸಲು ಹೋದೆ. "ಚಿತ್ರ ನೋಡ್ಕೊಂಡು ಯಾರಾದ್ರೂ ಕಲಾಯಿ ಹಾಕ್ತಾರೇನೇ?" ಎಂದು ನಕ್ಕರು. ನಾನೂ ನಕ್ಕು ಅದನ್ನು ಮಡಚಿ ಮೀಟರಿನ ಪೆಟ್ಟಿಗೆಯಲ್ಲಿ ಇಟ್ಟೆ. ಅಂಕಿ ಸರಿ ಬರುತ್ತಿದ್ದಾಗ ನಕ್ಷೆ ಯಾರಿಗೆ ಬೇಕು?

ಮೊದಲ ಹಾರಾಟಕ್ಕೆ ನಾವೆಲ್ಲ ನದಿಯ ದಂಡೆಗೆ ಹೋಗಿದ್ದೆವು. ದುಂಬಿ ಚೆನ್ನಾಗಿಯೇ ಎದ್ದಿತು. ನಡುನೀರಿಗೆ ಹೋಗಿ, ತಂತಿಗಳ ಹತ್ತಿರ ಬರುತ್ತಲೇ ನಿಂತಿತು. ಏನನ್ನೋ ಮರೆತು ಬಂದವರ ಹಾಗೆ ತನ್ನ ಸುತ್ತಲೇ ತಿರುಗಿತು, ತಿರುಗಿತು, ಕೊನೆಗೆ ಮೆಲ್ಲಗೆ ಮರಳುದಿಬ್ಬದ ಮೇಲೆ ಇಳಿದು ಮಗುಚಿಕೊಂಡಿತು. "ಪಾಪ, ತಲೆಸುತ್ತು ಬಂತು ಅದಕ್ಕೆ" ಎಂದರು ಮಾವ. ಹುಡುಗಿ ಮೋಟಾರು ಬದಲಾಯಿಸಿದಳು, ಬಣ್ಣದ ಡಬ್ಬಿ ಬದಲಾಯಿಸಿದಳು. ಎಂಟು ದಿನ ಬಿಟ್ಟು ಎರಡನೇ ಸಲ ಹಾರಿಸಿದಳು. ಅದೇ ಜಾಗ, ಅದೇ ತಲೆಸುತ್ತು. ಈ ಸಲ ದಿಬ್ಬ ಸಿಗಲಿಲ್ಲ, ನೀರಿಗೇ ಬಿತ್ತು.

ಅವತ್ತು ಮಧ್ಯಾಹ್ನ ಹುಡುಗಿ ನನ್ನನ್ನು ಮೆಟ್ಟಿಲ ಹತ್ತಿರ ಕರೆದಳು. "ಅಕ್ಕ, ಇನ್ನೊಂದೇ ಸಲ. ಆಸ್ಪತ್ರೆಯವರು ಅಷ್ಟಕ್ಕೇ ಒಪ್ಪಿರೋದು. ಶನಿವಾರ ಬೆಳಗ್ಗೆ. ಆಗಲೂ ಆಗಲಿಲ್ಲ ಅಂದ್ರೆ ಹೊರಗಿನಿಂದ ಮೆಷೀನಲ್ಲಿ ಲೇಪ ಮಾಡಿದ ಚಿಪ್ಪು ತರಿಸ್ತೀನಿ. ಅಜ್ಜನಿಗೆ... ನೀವೇ ಹೇಳಬೇಕಾಗುತ್ತೆ."

ನನ್ನ ಕಣ್ಣಿಗೆ ಕಂಡದ್ದು ಆ ಕುರ್ಚಿ, ಆ ಬೋಳುಗೋಡೆ, ತೊಡೆಯ ಮೇಲೆ ಅಂಗಾತ ಬಿದ್ದ ಎರಡು ಕೈ. ಇನ್ನೊಂದು ಸಲ ಅಲ್ಲಿ ಕೂತರೆ ಅವರು ಏಳುವುದಿಲ್ಲ ಅಂತ ನನಗೆ ಖಾತ್ರಿಯಿತ್ತು.

ಎಲ್ಲರೂ ಊಟಕ್ಕೆ ಹೋದ ಮೇಲೆ ಒಬ್ಬಳೇ ಕೂತು ಒಂದು ಕೆಲಸ ಮಾಡಿದೆ. ನನ್ನ ಬಳಿ ಅಂಗೈಯಷ್ಟು ಗಾತ್ರದ ಒಂದು ರೇಡಿಯೋ ಇತ್ತು. ಅದನ್ನು ಹಾಕಿ, ಮಾವ ಹಚ್ಚಿದ ಚಿಪ್ಪಿನೊಳಗೆ ಇಟ್ಟು, ಆಂಟೆನಾದ ಜಾಗಕ್ಕೆ ಅಡುಗೆಯ ಅಲ್ಯೂಮಿನಿಯಂ ಹಾಳೆ ಅಂಟಿಸಿ, ಮೇಲೆ ಇನ್ನೊಂದು ಚಿಪ್ಪು ಮುಚ್ಚಿದೆ. ಒಳಗೆ ಗದ್ದಲ ಹೋಗುವುದಿಲ್ಲ ಅನ್ನುವುದು ನಿಜವಾದರೆ ರೇಡಿಯೋದ ಅಲೆಯೂ ಹೋಗಬಾರದು, ಬರೀ ಸುಯ್ ಅನ್ನಬೇಕು. ಆದರೆ ಒಳಗಿನಿಂದ ಒಬ್ಬ ಹೆಂಗಸು ಹವಾಮಾನದ ವರದಿ ಓದುತ್ತಲೇ ಇದ್ದಳು. ಗೋಡೆ ಗಟ್ಟಿಯಾಗಿದೆ, ಕಿಟಕಿ ಮುಚ್ಚಿದೆ, ಇವಳು ಎಲ್ಲಿಂದ ಬಂದಳು? ಚಿಪ್ಪನ್ನು ಕೈಯಲ್ಲಿ ಹಿಡಿದು ಸುಮ್ಮನೆ ತಿರುಗಿಸುತ್ತ ಕೂತೆ. ಬೆರಳು ಎರಡು ಚಿಪ್ಪು ಕೂಡುವ ಅಂಚಿನ ಮೇಲೆ ಹೋಯಿತು. ಬಿಚ್ಚಿ ನೋಡಿದೆ.

ಅಂಚಿನ ಸುತ್ತ, ದಾರದಷ್ಟು ಅಗಲಕ್ಕೆ, ಬಣ್ಣವೇ ಇರಲಿಲ್ಲ. ಬರೀ ಕಪ್ಪು ಪ್ಲಾಸ್ಟಿಕ್. ಕನ್ನಡಿಯಂತೆ ನುಣ್ಣಗೆ, ಒಂದೇ ಸುತ್ತಿನಲ್ಲಿ ಒರೆಸಿದ್ದರು.

ಕೂಡಿಸಿದಾಗ ಒಂದು ಚಿಪ್ಪಿನ ಲೋಹ ಇನ್ನೊಂದರ ಲೋಹಕ್ಕೆ ತಾಗುತ್ತಲೇ ಇರಲಿಲ್ಲ. ಕೋಣೆಗೆ ಗೋಡೆಯಿತ್ತು, ಚಾವಣಿಯಿತ್ತು, ನಡುವೆ ಸುತ್ತಲೂ ಬಿರುಕು. ನಾನು ಮೀಟರಿನ ಸೂಜಿಗಳನ್ನು ಒಂದು ಚಿಪ್ಪಿನೊಳಗೇ ಮುಟ್ಟಿಸುತ್ತಿದ್ದೆನೇ ಹೊರತು ಈ ಚಿಪ್ಪಿಗೊಂದು ಆ ಚಿಪ್ಪಿಗೊಂದು ಎಂದೂ ಮುಟ್ಟಿಸಿರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಮಡಚಿಟ್ಟಿದ್ದ ನಕ್ಷೆ ತೆಗೆದೆ. ಅಂಚಿನ ಮೇಲೂ ಬಣ್ಣ ಅಂತ ಸ್ಪಷ್ಟವಾಗಿ ತೋರಿಸಿತ್ತು. ಇನ್ನೂ ನಾಚಿಕೆಯ ಮಾತೆಂದರೆ ನನ್ನ ಪುಸ್ತಕದಲ್ಲಿ ನಾನೇ ಬರೆದಿದ್ದೆ: "ಅಂಚು ಬಹಳ ಅಚ್ಚುಕಟ್ಟು."

ಹೇಳುವುದು ಹೇಗೆ? ಬಿಸಿತುಪ್ಪ ಬಾಯಿಗೆ ಬಿದ್ದಿತ್ತು, ನುಂಗಲೂ ಆಗದು, ಉಗುಳಲೂ ಆಗದು. ಐವತ್ತು ವರ್ಷ ಯಾವ ಗೆರೆಯಿಂದ ಅವರನ್ನು ಜನ ಗುರುತಿಸಿದರೋ ಆ ಗೆರೆಯೇ ತಪ್ಪು ಅನ್ನಬೇಕು. ಸಂಜೆ ಮನೆಗೆ ಬರುವ ದಾರಿಯಲ್ಲಿ, ಬೀಗ ರಿಪೇರಿಯ ಅಂಗಡಿಯ ಮುಂದೆ, ಹೇಳಿಬಿಟ್ಟೆ. ಮಾವ ನಿಂತರು.

"ಅಂದ್ರೆ ಗಲೀಜಾಗಿ ಬಿಡಬೇಕು."

"ಹೌದು ಮಾವ. ಅಂಚಿನ ಮೇಲೆ ಹರಿದು ಹೊರಗೆ ಸ್ವಲ್ಪ ಬಂದರೂ ಪರವಾಗಿಲ್ಲ."

"ಬಾಯಿ ಇಡೋ ಜಾಗ ಅದು."

"ಇದಕ್ಕೆ ಯಾರೂ ಬಾಯಿ ಇಡಲ್ಲ ಮಾವ."

ಮನೆಯ ಮೆಟ್ಟಿಲು ಹತ್ತುವಾಗ, "ಸರಿ, ಒರೆಸಲ್ಲ. ಅದೇನು ಮಹಾ" ಎಂದರು.

ಅದೇ ಮಹಾ ಆಯಿತು. ಮರುದಿನ ಮೊದಲ ಚಿಪ್ಪಿಗೆ ಬಣ್ಣ ಸವರಿದರು, ಅಂಚಿಗೂ ಹಚ್ಚಿದರು, ಕೆಳಗಿಡುವ ಮೊದಲು ಕುಂಚ ಒರೆಸಲು ಇಟ್ಟುಕೊಂಡಿದ್ದ ಹತ್ತಿ ಎತ್ತಿಕೊಂಡು ಕೈ ಸುತ್ತು ಹೊಡೆದೇಬಿಟ್ಟಿತು. "ಅಯ್ಯೋ" ಎಂದರು. ಹತ್ತಿಯನ್ನೆಲ್ಲ ನನ್ನ ಕೈಗೆ ಕೊಟ್ಟು ಆಚೆ ಕಳಿಸಿದರು. ಎರಡನೆಯದಕ್ಕೆ ಅಂಗಿಯ ತೋಳು ಬಳಸಿದರು, ತಮಗೇ ಗೊತ್ತಿಲ್ಲದೆ. ತೋಳು ಮಡಚಿದರು. ಮೂರನೆಯದಕ್ಕೆ ಹೆಬ್ಬೆರಳು. ನಾನು ಎದುರಿಗೇ ನಿಂತಿದ್ದೆ. ಅವರ ಕಣ್ಣು ಎಲ್ಲೋ ದೂರದಲ್ಲಿತ್ತು, ಮುಖದಲ್ಲಿ ಎಂಥ ಸುಖವಿತ್ತೆಂದರೆ ಕೂಗಿ ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ. ಹೆಬ್ಬೆರಳು ಸುತ್ತು ಮುಗಿಸಿದ ಮೇಲೆ ಎಚ್ಚರಾದರು. ಬೆಳ್ಳಿ ಮೆತ್ತಿದ ಬೆರಳನ್ನು ನೋಡಿದರು. ಎಡಗೈಯಿಂದ ಬಲಗೈಗೆ ಪಟ್ಟೆಂದು ಹೊಡೆದರು.

"ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ" ಎಂದರು. ನಗಲು ನೋಡಿದರು, ಆಗಲಿಲ್ಲ. "ಇದು ನನ್ನ ಮಾತು ಕೇಳಲ್ಲಮ್ಮ."

ಅದು ಗುರುವಾರ. ಶನಿವಾರಕ್ಕೆ ಒಂದೇ ದಿನ ನಡುವೆ. ನಾನು ಅಳುತ್ತಿದ್ದೆ ಅಂತ ಹೇಳಲು ನಾಚಿಕೆಯಿಲ್ಲ. ಮಾವ ನಾಲ್ಕನೇ ಚಿಪ್ಪು ತೆಗೆದುಕೊಂಡು ಒಳಗೆಲ್ಲ ಸವರಿ, ಅಂಚಿನ ಹತ್ತಿರ ಬಂದಾಗ ನಿಲ್ಲಿಸಿ, ಚಿಪ್ಪನ್ನೂ ಕುಂಚವನ್ನೂ ನನ್ನ ಕಡೆ ಚಾಚಿದರು.

"ಅಂಚು ನೀನು ಹಚ್ಚು."

"ನನಗೆ ಬರಲ್ಲ ಮಾವ."

"ಬರಬಾರದು. ಬಂದ್ರೆ ಒರೆಸಿಬಿಡ್ತೀಯ. ಹಚ್ಚು, ನಾನು ಆ ಕಡೆ ನೋಡ್ತೀನಿ."

ಗೋಡೆಯ ಕಡೆ ತಿರುಗಿ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ನಾನು ಹಚ್ಚಿದೆ. ಬಣ್ಣ ಹೊರಗೆ ಹರಿಯಿತು, ಸೊಟ್ಟಪಟ್ಟ ಆಯಿತು. ಅವರ ಬೆನ್ನ ಹಿಂದೆ ಬಲಗೈಯ ಹೆಬ್ಬೆರಳು ಸುಮ್ಮನೆ ಗಾಳಿಯಲ್ಲೇ ಸುತ್ತುತ್ತಿತ್ತು. ಅದರ ಜೋಡಿ ಚಿಪ್ಪಿಗೂ ಹಾಗೇ ಮಾಡಿ, ಒಣಗಿದ ಮೇಲೆ ರೇಡಿಯೋ ಒಳಗಿಟ್ಟು, ಆಂಟೆನಾದ ಜಾಗಕ್ಕೆ ಹಾಳೆ ಅಂಟಿಸಿ, ಎರಡನ್ನೂ ಕೂಡಿಸಿದೆವು. ಹವಾಮಾನದ ಹೆಂಗಸು ಅರ್ಧ ಮಾತಿನಲ್ಲೇ ಮರೆಯಾದಳು. ಸುಯ್ ಎನ್ನುವ ಸದ್ದು ಮಾತ್ರ ಉಳಿಯಿತು. ಮಾವ ಚಿಪ್ಪಿಗೆ ಕಿವಿಯಿಟ್ಟು ಕಣ್ಣು ಮುಚ್ಚಿಕೊಂಡರು.

ಶನಿವಾರ ಬೆಳಗ್ಗೆ ನದಿಯ ಮೇಲೆ ಮಂಜಿತ್ತು. ದುಂಬಿ ಎದ್ದು, ತಂತಿಗಳ ಕಡೆ ಹೋಯಿತು. ಅದು ನಿಲ್ಲಲಿಲ್ಲ, ತಿರುಗಲಿಲ್ಲ, ತಂತಿಗಳನ್ನು ದಾಟಿ ಒಂದು ಚುಕ್ಕೆಯಾಗಿ ಮಂಜಿನೊಳಗೆ ಹೋಯಿತು. ಆರು ನಿಮಿಷಕ್ಕೆ ಆ ದಂಡೆಯಿಂದ ಹುಡುಗಿಯ ಫೋನಿಗೆ ಕರೆ ಬಂತು. "ಸೀಸೆ ಬಂದಿದೆಯಂತೆ, ಒಂದೂ ಒಡೆದಿಲ್ಲವಂತೆ!" ಎಂದು ಕೂಗಿ ಅವಳು ಮಾವನ ಎರಡೂ ಕೈ ಹಿಡಿದುಕೊಂಡಳು. "ಅಜ್ಜ, ಇದೆಲ್ಲ ನಿಮ್ಮ ಕೈಗುಣ!"

"ಒಳಗೆ ನನ್ನದು ತಾಯಿ" ಎಂದರು ಮಾವ, ನನ್ನ ಕಡೆ ತೋರಿಸಿ. "ಅಂಚು ಇವಳದು. ಅದು ನನಗೆ ಬರಲ್ಲ."

ಹುಡುಗಿ ಅವತ್ತೇ ಇನ್ನೂ ಇಪ್ಪತ್ತು ಚಿಪ್ಪು ಬೇಕು ಎಂದಳು. ನಾನು ಮನೆಗೆ ಬಂದದ್ದು ನೆಲದ ಮೇಲೆ ಕಾಲಿಟ್ಟೋ ಇಲ್ಲವೋ ಗೊತ್ತಿಲ್ಲ. ಗಂಡ ಬಸ್ಸಿನ ಡ್ಯೂಟಿ ಮುಗಿಸಿ ಬಂದು ಊಟಕ್ಕೆ ಕೂತಿದ್ದ. ಬಡಿಸುತ್ತ ಬಡಿಸುತ್ತ ಎಲ್ಲ ಹೇಳಿದೆ: ಬಿರುಕು, ರೇಡಿಯೋ, ಒರೆಸುವ ಹೆಬ್ಬೆರಳು, ಕೊನೆಗೆ ಅಂಚು ನನ್ನ ಪಾಲಿಗೆ ಬಂದದ್ದು. ಹೇಳುವ ಭರದಲ್ಲಿ ಅವನ ಕೈ ತಟ್ಟೆಯ ಮೇಲೆ ನಿಂತದ್ದನ್ನು ನೋಡಲಿಲ್ಲ.

"ಅಂಚು ನಿನಗೆ ಕೊಟ್ರಾ ಅಪ್ಪ?"

"ಹೂಂ."

"ಹನ್ನೊಂದು ವರ್ಷ ತಿದಿ ಒತ್ತಿದ್ದೀನಿ ನಾನು. ಇದ್ದಿಲು ಹೊತ್ತಿದ್ದೀನಿ, ಪಾತ್ರೆ ತಿಕ್ಕಿದ್ದೀನಿ, ತವರ ಸವರೋದು ಕೂಡ ಕಲಿತೆ. ಅಂಚಿಗೆ ಬಂದ ತಕ್ಷಣ ಕೈಯಿಂದ ಕಿತ್ಕೊಳ್ತಿದ್ರು. ಒಂದು ಲೋಟದ ಅಂಚು, ಒಂದೇ ಒಂದು ಲೋಟದ್ದು, ಮುಟ್ಟೋಕೆ ಬಿಡಲಿಲ್ಲ. ನಾನು ಬಸ್ಸಿಗೆ ಯಾಕೆ ಹೋದೆ ಅಂದ್ಕೊಂಡಿದ್ದೆ ನೀನು?"

ಸ್ಟೀಲು ಬಂತು ಅಂತ ಹೋದ ಅಂದುಕೊಂಡಿದ್ದೆ. ಒಂಬತ್ತು ವರ್ಷ ಜೊತೆಗೆ ಬಾಳಿದವಳು ಒಂದು ದಿನವೂ ಕೇಳಿರಲಿಲ್ಲ. ನಮ್ಮದು ಎರಡು ಕೋಣೆಯ ಮನೆ. ಮಾವ ಪಕ್ಕದಲ್ಲೇ ಇದ್ದರು, ನಡುವೆ ಒಂದು ಪರದೆ ಅಷ್ಟೇ. ಅವರ ಕೆಮ್ಮು ಕೇಳಿಸಿತು. ನಾನು ಸಾರಿನ ಸೌಟು ಹಿಡಿದುಕೊಂಡು ಹಾಗೇ ನಿಂತೆ.

"ನಾಳೆ ನಿನಗೆ ರಜೆ ಅಲ್ವೇನೋ?" ಎಂದು ಪರದೆಯ ಆಚೆಯಿಂದ ದನಿ ಬಂತು.

ಗಂಡ ಪರದೆಯ ಕಡೆ ತಿರುಗಿದ. "ಹೌದು."

"ಇಪ್ಪತ್ತು ಚಿಪ್ಪಿದೆ. ಅಂಚು ಅವಳೊಬ್ಬಳಿಂದ ಆಗಲ್ಲ. ನೀನೂ ಬಾ. ಬಸ್ಸಿನ ಎಣ್ಣೆ ಜಿಡ್ಡು ಒಂಚೂರೂ ಇರಬಾರದು, ಬಣ್ಣ ಹಿಡಿಯಲ್ಲ. ಕೈ ಚೆನ್ನಾಗಿ ತೊಳ್ಕೊಂಡು ಬಾ."

ನನ್ನ ಗಂಡ ಊಟ ಅರ್ಧಕ್ಕೇ ಬಿಟ್ಟು ಎದ್ದು ಬಚ್ಚಲಿಗೆ ಹೋದ. ಹೋಗಬೇಕಾಗಿದ್ದು ನಾಳೆ. ನಲವತ್ತು ದಾಟಿದ ಆ ಮನುಷ್ಯ ಆಗಲೇ ನಲ್ಲಿ ಬಿಟ್ಟುಕೊಂಡು, ಸೋಪು ಹಚ್ಚಿ, ಒಂದೊಂದೇ ಉಗುರಿನ ಸಂದಿ ಉಜ್ಜಿ ಉಜ್ಜಿ ಕೈ ತೊಳೆಯುತ್ತಿದ್ದ.